ನೋಡಲಿಕ್ಕೆ ಚೆಂದ, ಇಳಿಯಲಿಕ್ಕಲ್ಲ!

ಸಮುದ್ರ ಅಂದಕೂಡಲೆ ನಮಗೆಲ್ಲ ನೆನಪಾಗೋದು ಏನು ಹೇಳಿ? ಮಲ್ಪೆಯ ಬಿಸಿ ಮರಳು, ಗೋಕರ್ಣದ ಉಗುರುಬೆಚ್ಚಗಿನ ನೀರು, ಸೀರೆಯ ನೆರಿಗೆ ಎತ್ತಿಹಿಡಿದು ಮೊಣಕಾಲುದ್ದ ನೀರಿನಲ್ಲಿ ನಿಂತು ಅಲೆಗಾಗಿ ಕಾಯೋದು, ಆಮೇಲೆ ಒಂದು ಪೊಟ್ಟಣ ಚುರುಮುರಿ. ಸಮುದ್ರ ಎಲ್ಲಾದರೂ ಒಂದೇ ತಾನೆ ಅಂದುಕೊಳ್ಳುತ್ತೇವೆ. ಒಂದೇ ಅಲ್ಲ ಅಂತ ಹೇಳಲಿಕ್ಕೇ ಈ ನಾಲ್ಕು ಮಾತು.

ಮಗಳ ಬಾಣಂತನಕ್ಕೋ, ಮಗನ ಗೃಹಪ್ರವೇಶಕ್ಕೋ ಅಮೆರಿಕಕ್ಕೆ ಹೋಗಿಬರುವ ನಮ್ಮ ಕಡೆಯ ಹೆಂಗಸರು ಈಗ ಊರಿಗೆ ನಾಲ್ಕಾರು ಮಂದಿ ಸಿಗುತ್ತಾರೆ. ಸ್ಯಾನ್ ಫ್ರಾನ್ಸಿಸ್ಕೋ ಕಡೆ ಹೋದವರನ್ನು ಮಕ್ಕಳು ಒಂದಲ್ಲ ಒಂದು ಭಾನುವಾರ ಓಷನ್ ಬೀಚ್ ಎಂಬ ಕಡಲತೀರಕ್ಕೆ ಕರೆದುಕೊಂಡು ಹೋಗುವುದುಂಟು. ನನ್ನ ತಂಗಿಯ ಸಂಸಾರ ಆ ಊರಲ್ಲೇ. ಅವಳ ಮನೆಯಲ್ಲಿ ಆರು ವಾರ ಇದ್ದಾಗ ನಾನೂ ಐದಾರು ಸಲ ಅಲ್ಲಿಗೆ ಹೋಗಿದ್ದೆ.

ಪೇಟೆಯ ಅಂಚಿನ ಕಡಲು

ಸ್ಯಾನ್ ಫ್ರಾನ್ಸಿಸ್ಕೋ ನಗರದ ಪಶ್ಚಿಮ ತುದಿಯಲ್ಲಿ, ಸುಮಾರು ಐದೂವರೆ ಕಿಲೋಮೀಟರ್ ಉದ್ದಕ್ಕೆ ನೇರವಾಗಿ ಚಾಚಿಕೊಂಡ ಮರಳು ಈ ಓಷನ್ ಬೀಚ್. ಎದುರಿಗೆ ಪೆಸಿಫಿಕ್ ಮಹಾಸಾಗರ. ಎನ್-ಜೂಡಾ ಎಂಬ ಟ್ರಾಮು ಪೇಟೆಯ ನಡುವಿನಿಂದ ಹೊರಟು ಸಮುದ್ರದ ಮಗ್ಗುಲಲ್ಲೇ ನಿಲ್ಲುತ್ತದೆ. ಕಾರು ಇಲ್ಲದವರೂ ಆರಾಮವಾಗಿ ಹೋಗಿಬರಬಹುದು.

ದಡದ ಪಕ್ಕದಲ್ಲೇ ಗೋಲ್ಡನ್ ಗೇಟ್ ಉದ್ಯಾನ. ಅದರ ಅಂಚಿನಲ್ಲಿ ಎರಡು ದೊಡ್ಡ ಗಾಳಿಗಿರಣಿಗಳಿವೆ. ಹಿಂದೆ ಉದ್ಯಾನಕ್ಕೆ ನೀರೆತ್ತಲು ಕಟ್ಟಿದ್ದಂತೆ. ಉತ್ತರದ ತುದಿಗೆ ನಡೆದರೆ ಬಂಡೆಗಳ ನಡುವೆ ಪಾಳುಬಿದ್ದ ಗೋಡೆಗಳು ಕಾಣುತ್ತವೆ. 1896ರಲ್ಲಿ ಸಾರ್ವಜನಿಕರಿಗೆ ತೆರೆದ ಸೂತ್ರೊ ಸ್ನಾನಗೃಹದ ಅವಶೇಷ ಅದು. ಸಮುದ್ರದ ನೀರನ್ನೇ ಒಳಗೆ ತಂದು, ಕಾಯಿಸಿ, ಗಾಜಿನ ಮಾಡಿನ ಕೆಳಗಿನ ಕೊಳಗಳಿಗೆ ತುಂಬುತ್ತಿದ್ದರು. 1966ರಲ್ಲಿ ಬೆಂಕಿಗೆ ಆಹುತಿಯಾಯಿತು. ಸಮುದ್ರ ಪಕ್ಕದಲ್ಲೇ ಇದ್ದರೂ ಅಷ್ಟೊಂದು ಖರ್ಚುಮಾಡಿ ನೀರು ಕಾಯಿಸಿದರು ಅಂದಮೇಲೆ, ಹೊರಗಿನ ನೀರು ಹೇಗಿದ್ದೀತು, ನೀವೇ ಊಹಿಸಿಕೊಳ್ಳಿ!

ಬೇಸಿಗೆಯಲ್ಲೂ ಯಾಕಿಷ್ಟು ಚಳಿ?

ವರ್ಷವಿಡೀ ಇಲ್ಲಿನ ನೀರು ಹೆಚ್ಚುಕಡಿಮೆ 10ರಿಂದ 15 ಡಿಗ್ರಿ ಸೆಲ್ಸಿಯಸ್. ನಮ್ಮ ಕರಾವಳಿಯ ನೀರು 28 ಡಿಗ್ರಿಯ ಆಸುಪಾಸು ಇರುತ್ತದೆ. ಉತ್ತರದಿಂದ ಹರಿದುಬರುವ ತಣ್ಣನೆಯ ಸಾಗರ ಪ್ರವಾಹ ಒಂದು ಕಾರಣ. ಇನ್ನೊಂದು, ವಸಂತ ಮತ್ತು ಬೇಸಿಗೆಯಲ್ಲಿ ಬೀಸುವ ಗಾಳಿ ಮೇಲಿನ ನೀರನ್ನು ದಡದಿಂದ ಆಚೆಗೆ ತಳ್ಳುತ್ತದೆ, ಆ ಜಾಗಕ್ಕೆ ಆಳದ ತಣ್ಣೀರು ಮೇಲೆದ್ದು ಬರುತ್ತದೆ. ಆ ತಣ್ಣೀರಿನ ಮೇಲೆ ತೇವದ ಗಾಳಿ ಹಾದಾಗ ಮಂಜು ಕವಿಯುತ್ತದೆ. ಹೀಗಾಗಿ ಜೂನ್, ಜುಲೈ, ಆಗಸ್ಟಿನಲ್ಲಿ ಒಳನಾಡಿನ ಊರುಗಳಲ್ಲಿ ಸೆಕೆಯಾದರೂ ಇಲ್ಲಿ ಹಲ್ಲು ಕಟಕಟ ಅನ್ನುತ್ತೆ. ಬಿಸಿಲು ನೋಡಬೇಕೆಂದರೆ ಸೆಪ್ಟೆಂಬರ್, ಅಕ್ಟೋಬರ್ ವಾಸಿ.

ಇಂಥ ನೀರಿಗೂ ಇಳಿಯುವವರಿದ್ದಾರೆ! ಹಲಗೆ ಹಿಡಿದು ಅಲೆಯ ಮೇಲೆ ಜಾರುವ ಸರ್ಫಿಂಗ್ ಆಟಗಾರರು. ಗಂಡಸರು, ಹೆಂಗಸರು, ಕೂದಲು ನರೆತವರೂ ಇದ್ದಾರೆ. ಮೈಗಂಟುವ ಕಪ್ಪು ರಬ್ಬರಿನ ಉಡುಪು ಅವರ ಕವಚ. ಅದರ ರಬ್ಬರಿನೊಳಗಿನ ಸಣ್ಣ ಸಣ್ಣ ಗಾಳಿಗುಳ್ಳೆಗಳು ಮೈಯ ಕಾವು ಸೋರದಂತೆ ಹಿಡಿದಿಟ್ಟು, ಚಳಿ ತಡೆಯುತ್ತವೆ. ಈ ಉಡುಪನ್ನು ಮನೆಮಾತು ಮಾಡಿದ ಜಾಕ್ ಓನೀಲ್ ಎಂಬಾತ 1952ರಲ್ಲಿ ಅಂಗಡಿ ತೆರೆದದ್ದು ಇದೇ ಕಡಲಿನ ಹತ್ತಿರ. ಆದರೆ ಒಂದು ಮಾತು. ಇವರೆಲ್ಲ ವರ್ಷಗಟ್ಟಲೆ ಈ ನೀರಿನ ಸ್ವಭಾವ ಕಲಿತವರು. ಅವರು ಇಳಿದರು ಅಂತ ನಾವು ಇಳಿಯಬಾರದು.

ಶಾಂತವಾಗಿ ಕಾಣುವ ಜಾಗವೇ ಮೋಸ

ಇಲ್ಲಿ ಈಜಲು ಇಳಿದವರು ಮಾತ್ರವಲ್ಲ, ಕಾಲು ನೆನೆಸಲು ನಿಂತವರೂ ಮುಳುಗಿ ಸತ್ತಿದ್ದಾರೆ ಎಂಬ ಎಚ್ಚರಿಕೆಯ ಫಲಕ ದಡದಲ್ಲೇ ಇದೆ. ಯಾಕೆ ಗೊತ್ತೆ? ಅಲೆಗಳು ದಡಕ್ಕೆ ತಂದು ಸುರಿದ ನೀರು ವಾಪಸು ಹೋಗಲೇಬೇಕಲ್ಲ. ಅದು ಮರಳಿನ ದಿಬ್ಬಗಳ ನಡುವೆ ಕಾಲುವೆ ಮಾಡಿಕೊಂಡು ರಭಸದಿಂದ ಒಳಕ್ಕೆ ಓಡುತ್ತದೆ. ಇದೇ ಸೆಳೆತ. ಅಕ್ಕಪಕ್ಕದಲ್ಲಿ ನೊರೆನೊರೆಯಾಗಿ ಅಲೆ ಒಡೆಯುತ್ತಿದ್ದರೆ ಈ ಕಾಲುವೆಯ ಮೇಲೆ ಅಲೆಯೇ ಕಡಿಮೆ. "ಇಲ್ಲಿ ನೀರು ಶಾಂತವಾಗಿದೆ, ಬನ್ನಿ" ಅಂತ ಮಕ್ಕಳನ್ನು ನಾವು ಅಲ್ಲಿಗೇ ಕರೆಯುತ್ತೇವೆ!

ಜೊತೆಗೆ ತಣ್ಣೀರಿನ ಪೆಟ್ಟು ಬೇರೆ. ತಟ್ಟನೆ ಮುಳುಗಿದರೆ ಉಸಿರು ತಾನಾಗಿ ಮೇಲಕ್ಕೆಳೆದುಕೊಳ್ಳುತ್ತೆ. ಆ ಕ್ಷಣ ಬಾಯಿ ನೀರೊಳಗಿದ್ದರೆ ಏನಾಗುತ್ತೆ ಹೇಳಬೇಕಾಗಿಲ್ಲ. ಸ್ವಲ್ಪ ಹೊತ್ತಿಗೆ ಕೈಕಾಲು ಮರಗಟ್ಟುತ್ತವೆ. ಇನ್ನು ಆರು ಗಜದ ಸೀರೆ ನೆನೆದರೆ ಎಷ್ಟು ಭಾರ ಅಂತ ಬಟ್ಟೆ ಒಗೆಯುವ ನಮಗೆ ಯಾರೂ ಕಲಿಸಬೇಕಾಗಿಲ್ಲ.

ಅತ್ತೆಯವರ ಸಮುದ್ರಸ್ನಾನ

ನಾನಿದ್ದಾಗ ತಂಗಿಯ ಅತ್ತೆಯೂ ಊರಿನಿಂದ ಬಂದಿದ್ದರು. ಎಪ್ಪತ್ತೆರಡು ವಯಸ್ಸು. ಅಮಾವಾಸ್ಯೆ ದಿನ ಸಮುದ್ರ ನೋಡಿದ್ದೇ ತಡ, "ಇಷ್ಟು ದೂರ ಬಂದು ಮೂರು ಮುಳುಗು ಹಾಕದೆ ಹೋಗ್ಲಾ?" ಅಂತ ಹಟ ಹಿಡಿದರು. ತಂಗಿ ಎದುರು ಮಾತಾಡಲಿಲ್ಲ. ಕೈಹಿಡಿದು ಫಲಕದ ಮುಂದೆ ನಿಲ್ಲಿಸಿ ಅದರಲ್ಲಿದ್ದದ್ದನ್ನು ಕನ್ನಡದಲ್ಲಿ ಹೇಳಿದಳು. "ಅತ್ತೆ, ನೀವು ಜಾರಿದರೆ ನಿಮ್ಮ ಮಗ ಸುಮ್ಮನೆ ನಿಲ್ತಾರಾ? ಹಿಂದೆಯೇ ಧುಮುಕ್ತಾರೆ" ಅಂದಳು. ಅತ್ತೆಯವರ ಮುಖ ಸಣ್ಣದಾಯಿತು. ಮತ್ತೆ ನೀರಿನ ಮಾತೆತ್ತಲಿಲ್ಲ.

ಅಷ್ಟರಲ್ಲಿ ಸರ್ಫಿಂಗ್ ಮುಗಿಸಿ ಹಲಗೆ ಹೊತ್ತು ಒಬ್ಬ ಹುಡುಗಿ ಬಂದಳು. ತಂಗಿ ವಿಷಯ ಹೇಳಿದಾಗ ನಗುತ್ತ ನಮ್ಮ ಬಾಟಲಿ ಇಸಿದುಕೊಂಡು, ಹಿಂದಕ್ಕೆ ಹೋಗಿ ನೀರು ತುಂಬಿ ತಂದುಕೊಟ್ಟಳು. ಅತ್ತೆಯವರು ಒಣ ಮರಳಿನ ಮೇಲೆ ಕೂತು, ಗಂಗೆ ಗೋದಾವರಿಯರನ್ನು ನೆನೆದು ತಲೆಗೆ ಪ್ರೋಕ್ಷಿಸಿಕೊಂಡರು, ನಮಗೂ ಎರೆಚಿದರು. "ನೀರಿನಿಂದ ನೇರ ಎದ್ದುಬಂದವಳು, ಮಡಿಯಲ್ಲೇ ಇದ್ದಾಳೆ ಬಿಡು" ಅಂದಾಗ ನಗು ತಡೆಯಲಾಗಲಿಲ್ಲ. ಪುಣ್ಯವೂ ಬಂತು, ಪ್ರಾಣವೂ ಉಳಿಯಿತು.

ಹೋಗುವವರಿಗೆ ಕಿವಿಮಾತು

ಒದ್ದೆ ಮರಳು ಎಲ್ಲಿಯವರೆಗಿದೆಯೋ ಅಲ್ಲಿಯವರೆಗೆ ಸಮುದ್ರದ ಅಂಗಳ ಅಂತ ತಿಳಿಯಿರಿ. ಒಣ ಮರಳಿನಲ್ಲಿ ನಡೆಯಿರಿ. ಫೋಟೋಗಾಗಿಯೂ ಅಲೆಗೆ ಬೆನ್ನು ಹಾಕಬೇಡಿ. ಹತ್ತು ಸಣ್ಣ ಅಲೆಗಳ ಹಿಂದೆ ಒಂದು ದೊಡ್ಡದು ಸದ್ದಿಲ್ಲದೆ ಬರುವುದುಂಟು. ಚಳಿಗಾಲದಲ್ಲಿ ಅಲೆಗಳ ಆರ್ಭಟ ಇನ್ನೂ ಜೋರು.

ಸ್ವೆಟರು, ಕಾಲುಚೀಲ, ಕಿವಿ ಮುಚ್ಚುವ ಟೋಪಿ ಬೇಕೇಬೇಕು. ಸೆರಗು ಗಾಳಿಗೆ ನಿಲ್ಲುವುದಿಲ್ಲ, ಚೂಡಿದಾರ್ ಅನುಕೂಲ. ಫ್ಲಾಸ್ಕಿನಲ್ಲಿ ಶುಂಠಿ ಕಷಾಯ, ಡಬ್ಬಿಯಲ್ಲಿ ಪಲ್ಯ ಸುತ್ತಿದ ಚಪಾತಿ ಇದ್ದರೆ ಸ್ವರ್ಗ. ಚಿತ್ರಾನ್ನ ಬೇಡಿ, ಗಾಳಿಗೆ ಅರ್ಧ ಮರಳಾಗುತ್ತೆ. ಡಬ್ಬಿ ತೆರೆದಿಟ್ಟರೆ ಕಡಲಹಕ್ಕಿಗಳು ಬಿಡೋದಿಲ್ಲ. ಮಕ್ಕಳಿಗೆ ಮರಳಿನಲ್ಲಿ ಬಿಲ್ಲೆಯಂಥ ದುಂಡನೆ ಚಿಪ್ಪು ಹುಡುಕುವ ಆಟ ಹೇಳಿಕೊಡಿ. ಅದರ ಮೇಲೆ ಐದು ಎಸಳಿನ ರಂಗೋಲಿ ಬರೆದಂತಿರುತ್ತೆ. ಸಂಜೆ ಮಂಜಿಲ್ಲದಿದ್ದರೆ ನೇರ ಸಮುದ್ರಕ್ಕೇ ಇಳಿಯುವ ಸೂರ್ಯನನ್ನು ನೋಡದೆ ಏಳಬೇಡಿ.

ನಮ್ಮ ಕಡಲಿಗೂ ಇದೇ ಮಾತು

ಸ್ಯಾನ್ ಫ್ರಾನ್ಸಿಸ್ಕೋ ನಮಗೆಲ್ಲಿಯ ಮಾತು ಅನ್ನುತ್ತೀರಾ? 2024ರ ಡಿಸೆಂಬರಿನಲ್ಲಿ ಶಾಲೆಯ ಪ್ರವಾಸಕ್ಕೆಂದು ಮುರ್ಡೇಶ್ವರಕ್ಕೆ ಬಂದ ಕೋಲಾರ ಜಿಲ್ಲೆಯ ನಾಲ್ಕು ಹೆಣ್ಣುಮಕ್ಕಳು ಸಮುದ್ರಪಾಲಾದರು. ನೀರು ಬೆಚ್ಚಗಿದ್ದರೂ ಸೆಳೆತಕ್ಕೆ ಕರುಣೆ ಇಲ್ಲ. ಆದ್ದರಿಂದ ಮಕ್ಕಳನ್ನು ಪ್ರವಾಸಕ್ಕೆ ಕಳಿಸುವ ಮುಂಚೆ ಬುತ್ತಿಯ ಜೊತೆಗೆ ಈ ಮಾತನ್ನೂ ಕಟ್ಟಿಕೊಡಿ. ಸೆಳೆತಕ್ಕೆ ಸಿಕ್ಕರೆ ದಡದ ಕಡೆ ನೇರ ಈಜಿ ದಣಿಯಬಾರದು. ಹೆದರದೆ ಅಂಗಾತ ತೇಲಬೇಕು, ಕೈ ಎತ್ತಿ ಕೂಗಬೇಕು, ಶಕ್ತಿಯಿದ್ದರೆ ದಡಕ್ಕೆ ಸಮವಾಗಿ ಪಕ್ಕಕ್ಕೆ ಈಜಬೇಕು. ಸೆಳೆತ ದಾಟಿದ ಮೇಲೆ ದಡಕ್ಕೆ ತಿರುಗಬೇಕು. ದಡದಲ್ಲಿರುವವರು ಹಿಂದೆ ಧುಮುಕಬಾರದು. ಖಾಲಿ ಕ್ಯಾನು, ಟ್ಯೂಬು, ತೇಲುವಂಥದ್ದು ಏನಾದರೂ ಎಸೆದು, ಕಾವಲಿನವರನ್ನು ಕೂಗಬೇಕು. ನಮ್ಮಲ್ಲಿ 112, ಅಮೆರಿಕದಲ್ಲಿ 911ಕ್ಕೆ ಫೋನು ಮಾಡಬೇಕು.

ಸಮುದ್ರರಾಜನಿಗೆ ದೂರದಿಂದ ಕೈಮುಗಿದರೂ ಸಲ್ಲುತ್ತದೆ. ಹೋಗಿ, ಕಣ್ತುಂಬ ನೋಡಿ, ಎಲ್ಲರೂ ಕ್ಷೇಮವಾಗಿ ಮನೆಗೆ ಬನ್ನಿ.