ಹೈಟೆಕ್: ಟೈಲ್ಸ್ ಎಷ್ಟು, ತಂತ್ರಜ್ಞಾನ ಎಷ್ಟು?

ಪತ್ರಿಕೆಗಳ ಜಿಲ್ಲಾ ಪುಟ ಓದುವವರಿಗೆ ‘ಹೈಟೆಕ್ ಸ್ಪರ್ಶ’ ಹೊಸದಲ್ಲ. ಬಸ್ ನಿಲ್ದಾಣಕ್ಕೆ ಹೈಟೆಕ್ ಸ್ಪರ್ಶ, ಮೀನು ಮಾರುಕಟ್ಟೆಗೆ ಹೈಟೆಕ್ ಸ್ಪರ್ಶ, ಕೊನೆಗೆ ಸ್ಮಶಾನಕ್ಕೂ ಹೈಟೆಕ್ ಸ್ಪರ್ಶ. ಅಪರಾಧ ಸುದ್ದಿಗೆ ಬಂದರೆ ಹೈಟೆಕ್ ಜೂಜು ಅಡ್ಡೆ, ಪರೀಕ್ಷೆ ಸುದ್ದಿಗೆ ಬಂದರೆ ಹೈಟೆಕ್ ನಕಲು. ಕಿವಿಯಲ್ಲಿ ಪುಟ್ಟ ಬ್ಲೂಟೂತ್ ಅಡಗಿಸಿಕೊಂಡು ಪರೀಕ್ಷೆಗೆ ಕೂತವನ ಬಳಿ ತಂತ್ರಜ್ಞಾನವಾದರೂ ಇದೆ. ಇಸ್ಪೀಟಿನ ಅಡ್ಡೆ ಹೈಟೆಕ್ ಆಗುವುದು ಅಲ್ಲಿ ಎಸಿ, ಸೋಫಾ ಇದ್ದು, ಆಡುವವರು ಕಾರಿನಲ್ಲಿ ಬಂದಿದ್ದರು ಎಂಬ ಕಾರಣಕ್ಕೆ. ಎಲೆಗಳು ಅವೇ ಐವತ್ತೆರಡು.

ಹೈಟೆಕ್ ಶೌಚಾಲಯವನ್ನೇ ನೋಡಿ. ಗೋಡೆಗೆ ಟೈಲ್ಸ್, ಸ್ಟೀಲ್ ನಲ್ಲಿ, ಉದ್ದನೆಯ ಕನ್ನಡಿ, ಬಾಗಿಲಲ್ಲಿ ಮೇಜು ಹಾಕಿಕೊಂಡು ದುಡ್ಡು ತೆಗೆದುಕೊಳ್ಳುವ ಒಬ್ಬರು. ಇದರಲ್ಲಿ ತಂತ್ರಜ್ಞಾನ ಅನ್ನಿಸಿಕೊಳ್ಳುವ ಭಾಗವೆಂದರೆ ಕಮೋಡಿನ ಕೆಳಗಿನ ಬಾಗಿದ ಪೈಪು. ಅದರಲ್ಲಿ ಸದಾ ಸ್ವಲ್ಪ ನೀರು ನಿಂತಿದ್ದು ಚರಂಡಿಯ ವಾಸನೆ ಮೇಲೆ ಬಾರದಂತೆ ತಡೆಯುತ್ತದೆ. ಲಂಡನ್ನಿನ ಗಡಿಯಾರ ತಯಾರಕ ಅಲೆಕ್ಸಾಂಡರ್ ಕಮ್ಮಿಂಗ್ ಇದಕ್ಕೆ ಪೇಟೆಂಟ್ ಪಡೆದದ್ದು 1775ರಲ್ಲಿ. ಹಾಗಾದರೆ ಇಲ್ಲಿ ಹೈಟೆಕ್ ಅಂದರೆ ಹೊಸದು, ಚೊಕ್ಕವಾದದ್ದು, ಕಾಸು ಕೊಟ್ಟು ಬಳಸುವಂಥದ್ದು ಅಂತಷ್ಟೇ. ಸಂತೆಗೆ ಬಂದ ಹೆಣ್ಣುಮಕ್ಕಳಿಗೆ ಅಷ್ಟು ಸಿಕ್ಕರೂ ದೊಡ್ಡದೇ, ಅದನ್ನು ಗೇಲಿ ಮಾಡುವಂತಿಲ್ಲ. ಹಿಂದೆ ‘ಹೈಫೈ’ಗೂ ಇದೇ ಗತಿಯಾಗಿತ್ತು. ಮೂಲ ಧ್ವನಿಗೆ ನಿಷ್ಠವಾಗಿ ಹಾಡು ಕೇಳಿಸುವ ಯಂತ್ರಕ್ಕೆ ಹುಟ್ಟಿದ ಮಾತು, ನಮ್ಮಲ್ಲಿ ‘ಅವರು ಬಿಡಿ, ಹೈಫೈ ಜನ’ ಅನ್ನುವಲ್ಲಿಗೆ ಬಂದು ನಿಂತಿತು.

ಹೈಟೆಕ್ ಇಂಗ್ಲಿಷಿನಲ್ಲಿ ಬಳಕೆಗೆ ಬಂದದ್ದು ಎರಡನೇ ಮಹಾಯುದ್ಧದ ನಂತರದ ದಶಕಗಳಲ್ಲಿ. ಆಗ ಅದರ ವ್ಯಾಪ್ತಿ ಅಣುಶಕ್ತಿ, ವಿಮಾನ, ಎಲೆಕ್ಟ್ರಾನಿಕ್ಸ್‌ಗಳಷ್ಟೇ. ಪದ ಜಾರಿದ್ದು ನಮ್ಮಲ್ಲಿ ಮಾತ್ರವಲ್ಲ. 1977ರಲ್ಲಿ ಪ್ಯಾರಿಸ್ಸಿನಲ್ಲಿ ತೆರೆದ ಪಾಂಪಿಡೂ ಕೇಂದ್ರವನ್ನು ವಾಸ್ತುಶಿಲ್ಪಿಗಳು ಹೈಟೆಕ್ ಶೈಲಿಯ ಕಟ್ಟಡ ಅನ್ನುತ್ತಾರೆ. ರೆಂಜೊ ಪಿಯಾನೊ ಮತ್ತು ರಿಚರ್ಡ್ ರೋಜರ್ಸ್ ಅದರ ಪೈಪುಗಳನ್ನೆಲ್ಲ ಹೊರಗೋಡೆಗೆ ತಂದು ಬಣ್ಣ ಬಳಿಸಿದರು: ಗಾಳಿಗೆ ನೀಲಿ, ನೀರಿಗೆ ಹಸಿರು, ವಿದ್ಯುತ್ತಿಗೆ ಹಳದಿ. ಅಲ್ಲಿಗೆ ಹೈಟೆಕ್ ಒಂದು ನೋಟದ ಹೆಸರೂ ಆಯಿತು.

ಅರ್ಥಶಾಸ್ತ್ರಜ್ಞರ ಅಳತೆಗೋಲು ಬೇರೆ. ಸಿರಿವಂತ ದೇಶಗಳೇ ಹೆಚ್ಚಾಗಿರುವ ಒಇಸಿಡಿ ಸಂಘಟನೆ, ಒಂದು ಉದ್ಯಮ ತನ್ನ ಉತ್ಪಾದನೆಗೆ ಹೋಲಿಸಿದರೆ ಸಂಶೋಧನೆಗೆ ಎಷ್ಟು ಖರ್ಚು ಮಾಡುತ್ತದೆ ಎಂದು ನೋಡಿ ದರ್ಜೆ ಕೊಟ್ಟಿತು. ಅದರ 1990ರ ದಶಕದ ನಾಲ್ಕು ದರ್ಜೆಗಳ ಪಟ್ಟಿಯಲ್ಲಿ ವಿಮಾನ, ಕಂಪ್ಯೂಟರ್, ಔಷಧ ತಯಾರಿಕೆ ಮೇಲಿನವು, ಕಾರು ಎರಡನೆಯದು, ಬಟ್ಟೆ, ಆಹಾರ ಕೆಳಗಿನವು. ಅಂದರೆ ಜ್ವರದ ಮಾತ್ರೆ ಹೈಟೆಕ್, ಕಾರು ಅಲ್ಲ! ಈ ಪಟ್ಟಿ ಲೆಕ್ಕ ಹಾಕುವುದು ಉದ್ಯಮದ ಖರ್ಚನ್ನು, ಕೈಯಲ್ಲಿರುವ ವಸ್ತುವನ್ನಲ್ಲ. ಆದ್ದರಿಂದ ಅದನ್ನೂ ಪೂರ್ತಿ ನೆಚ್ಚುವಂತಿಲ್ಲ.

ನನ್ನ ಕಣ್ಣಿಗೆ ಈ ಪದ ಕನ್ನಡದಲ್ಲಿ ಹೆಚ್ಚು ಪ್ರಾಮಾಣಿಕವಾಗಿ ದುಡಿಯುವುದು ‘ಹೈಟೆಕ್ ತೋಟಗಾರಿಕೆ’ಯಲ್ಲಿ. ಡ್ರಿಪ್ ಹಾಕಿಸಿದ ತೋಟದಲ್ಲಿ ಕಾಣುವುದು ಕರಿ ಪ್ಲಾಸ್ಟಿಕ್ ಪೈಪು ಅಷ್ಟೇ, ಮಿರುಗುವಂಥದ್ದು ಏನೂ ಇಲ್ಲ. ಜಾಣ್ಮೆ ಇರುವುದು ಡ್ರಿಪ್ಪರಿನ ಒಳಗೆ. ಪೈಪಿಗೆ ಬರೀ ತೂತು ಕೊರೆದರೆ ಮೋಟಾರಿನ ಹತ್ತಿರದ ಗಿಡಕ್ಕೆ ನೀರು ಚಿಮ್ಮುತ್ತದೆ, ಸಾಲಿನ ಕೊನೆಯ ಗಿಡಕ್ಕೆ ಒಸರುತ್ತದೆ. ತೂತು ಸಣ್ಣದು ಮಾಡಿದರೆ ಮಣ್ಣಿನ ಕಣ ಸಿಕ್ಕಿ ಕಟ್ಟಿಕೊಳ್ಳುತ್ತದೆ. ಇಸ್ರೇಲಿನ ಎಂಜಿನಿಯರ್ ಸಿಮ್ಹಾ ಬ್ಲಾಸ್ ತೂತು ಸಣ್ಣದು ಮಾಡುವ ಬದಲು ನೀರಿನ ದಾರಿಯನ್ನೇ ಉದ್ದ ಮಾಡಿದರು. ಸುತ್ತಿ ಬರುವಷ್ಟರಲ್ಲಿ ನೀರಿನ ಒತ್ತಡ ತಗ್ಗಿ, ಹನಿಹನಿಯಾಗಿ ತೊಟ್ಟಿಕ್ಕುತ್ತದೆ. 1965ರಲ್ಲಿ ಹಟ್ಜೆರಿಮ್ ಎಂಬ ಸಮುದಾಯ ಕೃಷಿ ಗ್ರಾಮದಲ್ಲಿ ನೆಟಾಫಿಮ್ ಕಂಪನಿ ಹುಟ್ಟಿದ್ದು ಈ ಉಪಾಯದಿಂದಲೇ. ಇನ್ನೂ ಮುಂದುವರಿದ ಡ್ರಿಪ್ಪರುಗಳಲ್ಲಿ ತೆಳು ರಬ್ಬರ್ ಪೊರೆಯೊಂದಿರುತ್ತದೆ. ಒತ್ತಡ ಹೆಚ್ಚಿದರೆ ಅದು ಬಾಗಿ ದಾರಿ ಕಿರಿದಾಗಿಸುತ್ತದೆ, ಹಾಗಾಗಿ ಇಳಿಜಾರು ಹೊಲದಲ್ಲೂ ಎಲ್ಲ ಗಿಡಗಳಿಗೆ ಹೆಚ್ಚುಕಡಿಮೆ ಸಮನಾಗಿ ನೀರು ಸಿಗುತ್ತದೆ. ಹೈಟೆಕ್ ಅನ್ನುವುದಾದರೆ ಇದನ್ನು ಅನ್ನಬೇಕು.

ಇತ್ತೀಚೆಗೆ ಈ ಪದದ ಜಾಗಕ್ಕೆ ‘ಸ್ಮಾರ್ಟ್’ ಬಂದಿದೆ, ಅದರ ಬೆನ್ನಿಗೇ ‘ಎಐ’. ಹೆಸರು ಬದಲಾದರೂ ಕೇಳಬೇಕಾದ ಪ್ರಶ್ನೆ ಅದೇ: ಒಳಗೆ ಯಾವ ಉಪಕರಣ ಇದೆ, ಕೆಟ್ಟರೆ ರಿಪೇರಿ ಯಾರದು? ನಿಮ್ಮೂರಿನ ಬಸ್ ನಿಲ್ದಾಣಕ್ಕೆ ಹೈಟೆಕ್ ಸ್ಪರ್ಶ ಎಂಬ ಸುದ್ದಿ ಬಂದಾಗ ಕಾಮಗಾರಿಯ ಅಂದಾಜು ಪಟ್ಟಿ ಕೇಳಿ ನೋಡಿ. ಮಾಹಿತಿ ಹಕ್ಕು ಅರ್ಜಿಗೆ ಶುಲ್ಕ 10 ರೂಪಾಯಿ, ಸಾಮಾನ್ಯವಾಗಿ 30 ದಿನದೊಳಗೆ ಉತ್ತರ ಕೊಡಬೇಕು. ಟೈಲ್ಸ್ ಎಷ್ಟು, ತಂತ್ರಜ್ಞಾನ ಎಷ್ಟು ಎಂಬುದು ಅದರಲ್ಲಿ ಬಾಬುವಾರು ಬರೆದಿರುತ್ತದೆ.