ಅಜೇಲಿಯ ಗಿಡ ಸೊರಗಿದಾಗ

ಅಜೇಲಿಯದ ತೊಂದರೆ ಎಲೆಯಲ್ಲೋ ಹೂವಿನಲ್ಲೋ ಕಣ್ಣಿಗೆ ಬೀಳುತ್ತದೆ. ಆದರೆ ಬಹುಪಾಲು ಸಲ ಅದರ ಮೂಲ ಬೇರಿನ ಬಳಿ ಇರುತ್ತದೆ. ರೋಡೊಡೆಂಡ್ರಾನ್ ಕುಲಕ್ಕೆ ಸೇರಿದ ಈ ಪೊದೆಯ ಬೇರುಗಳು ಕೂದಲಿನಷ್ಟು ನಯ. ನೆಲದ ಮೇಲ್ಪದರ ಬಿಟ್ಟು ಅವು ಆಳಕ್ಕೆ ಇಳಿಯುವುದಿಲ್ಲ. ಎಲೆಗೊಬ್ಬರ ತುಂಬಿದ, ನೀರು ಬಸಿದುಹೋಗುವ, ಹುಳಿ ಗುಣದ ಮಣ್ಣು ಅವಕ್ಕೆ ಬೇಕು. ಮಣ್ಣಿನ ಪಿ.ಎಚ್. 4.5ರಿಂದ 6ರ ನಡುವೆ ಇದ್ದರೆ ಗಿಡ ನೆಮ್ಮದಿಯಾಗಿರುತ್ತದೆ. ಅಮೆರಿಕದ ದಕ್ಷಿಣ ಕೆರೊಲಿನಾ, ಜಾರ್ಜಿಯಾ ರಾಜ್ಯಗಳ ಹುಳಿಮಣ್ಣಿನಲ್ಲಿ, ಎತ್ತರದ ಪೈನ್ ಮರಗಳ ಚೆದುರಿದ ನೆರಳಿನಲ್ಲಿ ಅಜೇಲಿಯ ಸೊಂಪಾಗಿ ಬೆಳೆಯುವುದಕ್ಕೆ ಇದೇ ಕಾರಣ.

ಹೆಚ್ಚು ಕಾಣುವ ತೊಂದರೆ ಎಲೆ ಹಳದಿಯಾಗುವುದು. ಯಾವ ಎಲೆ ಹಳದಿಯಾಗಿದೆ ಎಂಬುದನ್ನು ಮೊದಲು ನೋಡಬೇಕು. ಚಿಗುರೆಲೆಗಳು ಹಳದಿಯಾಗಿ, ನರಗಳು ಮಾತ್ರ ಹಸಿರಾಗಿ ಉಳಿದಿದ್ದರೆ ಅದು ಕಬ್ಬಿಣದ ಕೊರತೆ. ಬುಡದ ಹಳೆಯ ಎಲೆಗಳು ನರಗಳ ಸಮೇತ ಮಂಕಾಗುತ್ತ ಬಂದರೆ ಸಾರಜನಕದ ಕೊರತೆ ಇರಬಹುದು. ಕಬ್ಬಿಣದ ಕೊರತೆ ಎಂದರೆ ಮಣ್ಣಿನಲ್ಲಿ ಕಬ್ಬಿಣ ಇಲ್ಲವೆಂದಲ್ಲ. ಮಣ್ಣಿನಲ್ಲಿ ಸುಣ್ಣದಂಶ ಹೆಚ್ಚಾದಾಗ ಇದ್ದ ಕಬ್ಬಿಣವೂ ಕರಗದೆ ಉಳಿಯುತ್ತದೆ. ಸಿಮೆಂಟ್ ಗೋಡೆಯ ಬುಡದಲ್ಲಿ ನೆಟ್ಟ ಗಿಡಗಳಿಗೆ ಈ ಕಾಟ ಹೆಚ್ಚು. ಬೆಂಗಳೂರಿನಲ್ಲಿ ಕುಂಡದ ಅಜೇಲಿಯಗಳಿಗೆ ಕೊಳವೆಬಾವಿಯ ಗಡಸು ನೀರೇ ಸುಣ್ಣವನ್ನು ತಂದುಹಾಕುತ್ತದೆ. ಹಿಡಿದಿಟ್ಟ ಮಳೆನೀರು ಅದಕ್ಕಿಂತ ಎಷ್ಟೋ ಮೇಲು. ಕಿಲೇಟ್ ರೂಪದ ಕಬ್ಬಿಣ ಹಾಕಿದರೆ ಹಸಿರು ಬೇಗ ಮರಳುತ್ತದೆ, ಆದರೆ ಅದು ತಾತ್ಕಾಲಿಕ. ಮಣ್ಣು ಪರೀಕ್ಷೆ ಮಾಡಿಸಿ, ಅಗತ್ಯವಿದ್ದಷ್ಟೇ ಗಂಧಕ ಬೆರೆಸುವುದು ಸರಿಯಾದ ದಾರಿ. ಮಣ್ಣಿನ ಬ್ಯಾಕ್ಟೀರಿಯಾಗಳು ಗಂಧಕವನ್ನು ಆಮ್ಲವಾಗಿಸಲು ತಿಂಗಳುಗಳೇ ಹಿಡಿಯುವುದರಿಂದ ಅವಸರ ಮಾಡಬಾರದು. ಇದಕ್ಕೆ ಬದಲಾಗಿ ಅಲ್ಯೂಮಿನಿಯಂ ಸಲ್ಫೇಟ್ ಬಳಸುವವರಿದ್ದಾರೆ. ಹೆಚ್ಚಾದ ಅಲ್ಯೂಮಿನಿಯಂ ಈ ಗಿಡದ ಬೇರಿಗೇ ವಿಷವಾದೀತು.

ಮಣ್ಣು ಒದ್ದೆಯಿದ್ದೂ ಗಿಡ ಬಾಡಿದರೆ ಮತ್ತಷ್ಟು ನೀರು ಹಾಕುವುದು ಅದನ್ನು ಕೊಂದಂತೆಯೇ. ಅಲ್ಲಿ ಬೇರು ಕೊಳೆಯುತ್ತಿರುತ್ತದೆ. ಇದಕ್ಕೆ ಮುಖ್ಯ ಕಾರಣ ಫೈಟಾಫ್ಥೊರ ಸಿನಮೋಮಿ ಎಂಬ ಸೂಕ್ಷ್ಮಜೀವಿ. 1922ರಲ್ಲಿ ಸುಮಾತ್ರದ ದಾಲ್ಚಿನ್ನಿ ಗಿಡಗಳಲ್ಲಿ ಇದನ್ನು ಮೊದಲು ಗುರುತಿಸಿದರು. ಮಲೆನಾಡಿನ ಅಡಿಕೆಗೆ ಕೊಳೆರೋಗ ತರುವುದೂ ಇದೇ ಫೈಟಾಫ್ಥೊರ ಕುಲದ್ದು. ಇದರ ಬೀಜಕಗಳು ನೀರಿನಲ್ಲಿ ಈಜಿ ಬೇರನ್ನು ತಲುಪುತ್ತವೆ. ನೀರು ನಿಲ್ಲುವ ಜೇಡಿಮಣ್ಣು ಅದಕ್ಕೆ ಹೇಳಿಮಾಡಿಸಿದ ಜಾಗ. ಬುಡದ ತೊಗಟೆಯನ್ನು ತುಸು ಕೆರೆದಾಗ ಒಳಗೆ ಕೆಂಗಂದು ಬಣ್ಣ ಕಂಡರೆ ರೋಗ ಕಾಂಡಕ್ಕೂ ಏರಿದೆ ಎಂದರ್ಥ. ಅಂಥ ಗಿಡವನ್ನು ಕಿತ್ತು ಹಾಕುವುದೇ ಲೇಸು. ಔಷಧಿಗಳು ರೋಗವನ್ನು ತಡೆದಾವು, ಕೊಳೆತ ಬೇರನ್ನು ಮರಳಿಸಲಾರವು. ಅದೇ ಜಾಗದಲ್ಲಿ ಮತ್ತೆ ಅಜೇಲಿಯ ನೆಡಬಾರದು. ಹೊಸ ಗಿಡವನ್ನು ಬೇರುಮುದ್ದೆಯ ತಲೆ ನೆಲಮಟ್ಟದಿಂದ ಮೂರು–ನಾಲ್ಕು ಸೆಂಟಿಮೀಟರ್ ಮೇಲಿರುವಂತೆ ನೆಟ್ಟು, ಮೇಲೆ ತರಗೆಲೆ ಅಥವಾ ಮರದ ತೊಗಟೆಯ ಚೂರುಗಳ ಹೊದಿಕೆ ಹಾಸಬೇಕು. ಹೊದಿಕೆ ಕಾಂಡಕ್ಕೆ ತಗುಲದಿರಲಿ.

ಬಾಡಿದ ಗಿಡಗಳೆಲ್ಲ ಕೊಳೆತವೇ ಆಗಬೇಕಿಲ್ಲ. ನರ್ಸರಿಯಿಂದ ತಂದ ಗಿಡದ ಬೇರುಮುದ್ದೆ ಒಮ್ಮೆ ಪೂರ್ತಿ ಒಣಗಿದರೆ ಆಮೇಲೆ ನೀರನ್ನು ಹೀರುವುದಿಲ್ಲ. ಸುತ್ತಲ ಮಣ್ಣು ನೆನೆದರೂ ಒಳಗೆ ಒಣಗಿಯೇ ಇರುತ್ತದೆ. ನೆಡುವ ಮೊದಲು ಮುದ್ದೆಯನ್ನು ಬಕೆಟ್ ನೀರಿನಲ್ಲಿ ಮುಳುಗಿಸಿ, ಸುತ್ತಿಕೊಂಡ ಬೇರುಗಳನ್ನು ಬದಿಗಳಲ್ಲಿ ಸೀಳಿ ಬಿಡಿಸಬೇಕು.

ಎಲೆಯ ಮೇಲ್ಭಾಗದಲ್ಲಿ ಬೂದಿ ಎರಚಿದಂತೆ ಸಣ್ಣ ಬಿಳಿಚುಕ್ಕೆಗಳು ಕಂಡರೆ ಎಲೆಯನ್ನು ಮಗುಚಿ ನೋಡಬೇಕು. ಕೆಳಗೆ ಡಾಂಬರಿನ ಹನಿಗಳಂಥ ಕಪ್ಪು ಹಿಕ್ಕೆಗಳಿದ್ದರೆ ಅದು ಜಾಲರಿ ರೆಕ್ಕೆಯ ತಿಗಣೆಯ ಕೆಲಸ. ಜಪಾನ್ ಮೂಲದ ಈ ಕೀಟದ ಉದ್ದ ಸುಮಾರು ಮೂರು ಮಿಲಿಮೀಟರ್. ಎಲೆಯ ನಡುನರದ ಒಳಗೆ ಮೊಟ್ಟೆಯಿಟ್ಟು ಮೇಲೆ ಕಪ್ಪು ಮೆರುಗೆಣ್ಣೆಯಂಥದ್ದನ್ನು ಬಳಿಯುವುದರಿಂದ ಮೊಟ್ಟೆಗಳ ನಾಶ ಸುಲಭವಲ್ಲ. ಬಿಸಿಲಿಗೆ ಒಡ್ಡಿದ ಗಿಡಗಳಲ್ಲಿ ಇದರ ಹಾವಳಿ ಹೆಚ್ಚು. ಮರಿಗಳು ಹೊರಬಂದ ಹೊತ್ತಿಗೆ ಎಲೆಯ ತಳಕ್ಕೆ ನೀರನ್ನು ರಭಸವಾಗಿ ಹೊಡೆದು, ಬಳಿಕ ಬೇವಿನ ಎಣ್ಣೆ ಅಥವಾ ಸಾಬೂನು ದ್ರಾವಣ ಸಿಂಪಡಿಸಿದರೆ ಹತೋಟಿಗೆ ಬರುತ್ತದೆ. ಗಿಡದೊಳಕ್ಕೆ ಸೇರಿಕೊಳ್ಳುವ ಕೀಟನಾಶಕಗಳು ಹೂವಿನ ಮೂಲಕ ಜೇನ್ನೊಣಗಳನ್ನೂ ತಲುಪುತ್ತವೆ. ಅವುಗಳ ಗೊಡವೆ ಬೇಡ.

ಚಿಗುರೆಲೆಗಳು ದಪ್ಪಗೆ ಉಬ್ಬಿ, ತಿಳಿಹಸಿರು ಅಥವಾ ಗುಲಾಬಿ ಬಣ್ಣ ತಳೆದರೆ ಅದು ಗಂಟುರೋಗ. ಚಹಾ ಎಲೆಗೆ ಬೊಬ್ಬೆರೋಗ ತರುವ ಶಿಲೀಂಧ್ರಕ್ಕೂ ಇದಕ್ಕೂ ಕುಲ ಒಂದೇ, ಎಕ್ಸೊಬೆಸಿಡಿಯಂ. ನೋಡಲು ವಿಕಾರವಾದರೂ ಗಿಡಕ್ಕೆ ದೊಡ್ಡ ಅಪಾಯವಿಲ್ಲ. ಗಂಟಿನ ಮೇಲೆ ಬಿಳಿಪುಡಿ ಮೂಡುವ ಮೊದಲೇ ಕೈಯಿಂದ ಕಿತ್ತು ದೂರ ಹಾಕಿದರೆ ಸಾಕು.

ದಳಗಳ ಕೊಳೆರೋಗ ಇದಕ್ಕಿಂತ ಕ್ರೂರವಾದದ್ದು. 1931ರಲ್ಲಿ ದಕ್ಷಿಣ ಕೆರೊಲಿನಾದ ಚಾರ್ಲ್‌ಸ್ಟನ್ ಬಳಿ ಇದು ಮೊದಲು ಕಂಡುಬಂತು. ತಂಪು, ಮಂಜು ಕವಿದ ದಿನಗಳಲ್ಲಿ ದಳದ ಮೇಲೆ ನೀರು ತುಂಬಿದಂಥ ಚುಕ್ಕೆಗಳು ಮೂಡಿ, ಎರಡು–ಮೂರು ದಿನಗಳಲ್ಲಿ ಹೂವು ಲೋಳೆಯಾಗಿ ಎಲೆಗಳಿಗೆ ಅಂಟಿಕೊಳ್ಳುತ್ತದೆ. ಬೆರಳಿನ ನಡುವೆ ತಿಕ್ಕಿದರೆ ದಳ ಕರಗಿದಂತೆ ಜಾರುತ್ತದೆ. ಉದುರಿದ ಹೂಗಳಲ್ಲಿ ಬೆಳೆಯುವ ಕಪ್ಪು ಗಂಟುಗಳು ನೆಲದಲ್ಲಿ ಉಳಿದು ಮರುವರ್ಷ ರೋಗವನ್ನು ಮತ್ತೆ ಹಬ್ಬಿಸುತ್ತವೆ. ಹೀಗಾಗಿ ಉದುರಿದ ಹೂಗಳನ್ನು ಗುಡಿಸಿ ತೆಗೆದು, ಹಳೆಯ ಹೊದಿಕೆಯನ್ನು ಬದಲಿಸಬೇಕು. ಹೂ ಬಿಟ್ಟಾಗ ಮೇಲಿನಿಂದ ನೀರು ಚಿಮುಕಿಸಬಾರದು.

ಗಿಡ ಹಸಿರಾಗಿ ಸೊಂಪಾಗಿದ್ದೂ ಹೂ ಬಿಡದಿದ್ದರೆ ಸಾಮಾನ್ಯವಾಗಿ ತಪ್ಪು ಕತ್ತರಿಯದು. ವಸಂತದಲ್ಲಿ ಅರಳುವ ಬಗೆಗಳು ಮುಂದಿನ ವರ್ಷದ ಮೊಗ್ಗನ್ನು ಹಿಂದಿನ ಬೇಸಿಗೆಯಲ್ಲೇ ಕಟ್ಟಿರುತ್ತವೆ. ಹೂ ಮುಗಿದ ಕೆಲವೇ ವಾರಗಳೊಳಗೆ ಸವರಬೇಕು; ತಡವಾಗಿ ಸವರಿದರೆ ಮೊಗ್ಗುಗಳೇ ಹೋಗುತ್ತವೆ. ದಟ್ಟ ನೆರಳು, ಅತಿಯಾದ ಸಾರಜನಕ ಕೂಡ ಹೂವನ್ನು ತಡೆಯುತ್ತವೆ. ಅರಳಿದ ಸ್ಥಿತಿಯಲ್ಲೇ ಮಾರುವ ಕುಂಡದ ಅಜೇಲಿಯಗಳ ವಿಷಯ ಬೇರೆ: ಬೆಳೆಗಾರರು ಮೊಗ್ಗು ಕಟ್ಟಿದ ಗಿಡಗಳನ್ನು ಕೆಲವು ವಾರ ತಂಪಿನಲ್ಲಿಟ್ಟು ಆಮೇಲೆ ಅರಳಿಸಿರುತ್ತಾರೆ. ಆ ತಂಪು ಸಿಗದ ಊರುಗಳಲ್ಲಿ ಎರಡನೆಯ ವರ್ಷ ಹೂಗಳು ವಿರಳವಾಗುವುದು ಸಹಜ. ಅಂಥ ಗಿಡವನ್ನು ಚಳಿಗಾಲದಲ್ಲಿ ಮನೆಯೊಳಗಿಡದೆ, ಬೆಳಗಿನ ಬಿಸಿಲು ಬೀಳುವ ತಂಪಾದ ಹೊರಜಾಗದಲ್ಲಿ ಇರಿಸಬೇಕು.