ನೋಡಿ ಕಲಿತ ಕೈ

ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಗೆ ಹೆಸರು ತಂದ ಕೃತಿಗಳಲ್ಲಿ ರಾಜಾ ರವಿವರ್ಮನ ಪುರಾಣ ಚಿತ್ರಗಳು ಮುಖ್ಯವಾದವು. ಸಮುದ್ರರಾಜನ ಗರ್ವ ಮುರಿಯಲು ಬಿಲ್ಲೆತ್ತಿದ ಶ್ರೀರಾಮ, ಗೆದ್ದು ಬಂದ ಇಂದ್ರಜಿತು. ರೇಷ್ಮೆಯ ಹೊಳಪು, ಮೈಯ ಕಾಂತಿ. ಇಷ್ಟನ್ನು ಸಾಧಿಸಿದ ಕಲಾವಿದನಿಗೆ ತೈಲವರ್ಣವನ್ನು ಕೈಹಿಡಿದು ಕಲಿಸಲು ನುರಿತವರಾರೂ ಒಪ್ಪಿರಲಿಲ್ಲ ಎಂದರೆ ಅಚ್ಚರಿಯಾದೀತು.

ಕಿಳಿಮಾನೂರಿನಲ್ಲಿ 1848ರಲ್ಲಿ ಹುಟ್ಟಿದ ರವಿವರ್ಮ 14ನೆಯ ವಯಸ್ಸಿಗೆ ತಿರುವಾಂಕೂರಿನ ಆಸ್ಥಾನಕ್ಕೆ ಬಂದ. ತೈಲವರ್ಣ ಬಲ್ಲ ರಾಮಸ್ವಾಮಿ ನಾಯ್ಡು ಹುಡುಗನಲ್ಲಿ ಪ್ರತಿಸ್ಪರ್ಧಿಯನ್ನು ಕಂಡು ಗುಟ್ಟು ಬಿಟ್ಟುಕೊಡಲಿಲ್ಲ. ನಾಯ್ಡುವಿನ ಶಿಷ್ಯ ಆರುಮುಗಂ ಪಿಳ್ಳೆ ಕದ್ದುಮುಚ್ಚಿ ಹೇಳಿಕೊಟ್ಟದ್ದಷ್ಟೇ ದಕ್ಕಿತು. 1868ರಲ್ಲಿ ಯೂರೋಪಿನ ಥಿಯೊಡೊರ್ ಜೆನ್ಸನ್ ಭಾವಚಿತ್ರ ಬರೆಯಲು ಆಸ್ಥಾನಕ್ಕೆ ಬಂದ. ಆತನೂ ಪಾಠ ಹೇಳಲೊಪ್ಪಲಿಲ್ಲ. ಮಹಾರಾಜ ಆಯಿಲ್ಯಂ ತಿರುನಾಳರ ಮಾತಿಗೆ ಕಟ್ಟುಬಿದ್ದು, ತಾನು ಬರೆಯುವುದನ್ನು ನೋಡಲು ಮಾತ್ರ ಬಿಟ್ಟ.

ಆ ನೋಟದ ಬೆಲೆ ಸಣ್ಣದಲ್ಲ. ಮುಗಿದ ಚಿತ್ರ ತಾನು ಮೂಡಿದ ಬಗೆಯನ್ನು ಮರೆಮಾಡುತ್ತದೆ. ಮೇಲಿನ ಪದರ ಕೆಳಗಿನದನ್ನು ಮುಚ್ಚಿಬಿಡುತ್ತದೆ. ತೈಲವರ್ಣ ನಿಧಾನವಾಗಿ ಒಣಗುವುದರಿಂದ ನೆರಳು ಬೆಳಕುಗಳನ್ನು ಒಂದರೊಳಗೊಂದು ಕರಗಿಸಬಹುದು. ಆದರೆ ಯಾವ ಬಣ್ಣ ಮೊದಲು, ಎಣ್ಣೆ ಎಷ್ಟು, ಎಲ್ಲಿ ಕುಂಚ ಕೆಳಗಿಟ್ಟು ಕಾಯಬೇಕು ಎಂಬುದು ಬರೆಯುವ ಕೈಯನ್ನು ಕಂಡಾಗಲೇ ತಿಳಿಯುವುದು. ಹಾಗೆಂದು ನೋಟವೇ ವಿದ್ಯೆಯಲ್ಲ. ಕೈ ಏನು ಮಾಡಿತೆಂದು ಕಣ್ಣು ಹೇಳೀತು, ಏಕೆ ಮಾಡಿತೆಂದು ಹೇಳದು. ಅದನ್ನು ಕೆಡಿಸಿ, ತಿದ್ದಿ, ತಾನೇ ಕಂಡುಕೊಳ್ಳಬೇಕು. 1873ರ ಮದರಾಸು ಪ್ರದರ್ಶನದಲ್ಲಿ ರವಿವರ್ಮನಿಗೆ ಚಿನ್ನದ ಪದಕ ಬಂದಿತು.

ಆತ ಇನ್ನೊಬ್ಬ ಜೆನ್ಸನ್ ಆಗಲಿಲ್ಲ ಎಂಬುದೇ ಇಲ್ಲಿ ಮುಖ್ಯ. ಬಣ್ಣ ಹಚ್ಚುವ ಬಗೆ ಪರದೇಶದ್ದು, ಕಥೆ ರಾಮಾಯಣ ಮಹಾಭಾರತಗಳದ್ದು. ನಾಲ್ವಡಿ ಕೃಷ್ಣರಾಜ ಒಡೆಯರಿಗಾಗಿ ಬರೆದ ಚಿತ್ರಗಳು ಆತನ ಕೊನೆಯ ಕೃತಿಗಳ ಸಾಲಿಗೆ ಸೇರುತ್ತವೆ. 1906ರಲ್ಲಿ ಆತ ತೀರಿಕೊಂಡ. ಜಗನ್ಮೋಹನ ಅರಮನೆ 1915ರಲ್ಲಿ ಚಿತ್ರಶಾಲೆಯಾಯಿತು.

ಚಿನ್ನದ ಹಾಳೆಯ ಉಬ್ಬುಕೆಲಸಕ್ಕೆ ಹೆಸರಾದ ಮೈಸೂರಿನಲ್ಲೂ ತೈಲವರ್ಣ ಹೀಗೆಯೇ ಊರಿನದಾಯಿತು. ದೊಡ್ಡ ಅರಮನೆಯ ಕಲ್ಯಾಣ ಮಂಟಪದ ಗೋಡೆಗಳ ಮೇಲಿರುವ ದಸರಾ ಮೆರವಣಿಗೆಯ ಚಿತ್ರಮಾಲೆಯನ್ನು 1934ರಿಂದ 1945ರ ನಡುವೆ ಆಸ್ಥಾನ ಕಲಾವಿದರು ಬರೆದರು. ಅಲ್ಲಿ ಯೂರೋಪಿನ ಬೀದಿಯಿಲ್ಲ, ಪುರಾಣದ ಅಯೋಧ್ಯೆಯೂ ಇಲ್ಲ. ಮೈಸೂರಿನ ಆನೆ, ಕುದುರೆ, ಪೇಟ ಕಟ್ಟಿದ ಜನ ಇದ್ದಾರೆ. ಬಲ್ಲವರ ಕೈಯನ್ನು ನೋಡಿದವರು ಕಣ್ಣನ್ನು ತಮ್ಮ ಬೀದಿಯತ್ತ ತಿರುಗಿಸಿದಾಗಲೇ ಆ ನೋಟ ಫಲಿಸುವುದು.